ಎರಡು ಬೈಪಾಸ್ ವಿಧಾನಗಳ ಫಲಿತಾಂಶವನ್ನು ಹೋಲಿಸುವ ಬಗೆ: ಪ್ರಬಂಧ ಬರೆಯುವ ವೈದ್ಯರಿಗೊಂದು ಮಾರ್ಗದರ್ಶಿ

ದಾವಣಗೆರೆಯಲ್ಲಿ ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಗಳಿಗೆ ಸಂಖ್ಯಾಶಾಸ್ತ್ರದ ನೆರವು ನೀಡುತ್ತ ಬಂದಿರುವ ನನಗೆ ಅತಿ ಹೆಚ್ಚು ಸಲ ಎದುರಾಗಿರುವ ಪ್ರಶ್ನೆ ಒಂದೇ: ‘ಸರ್, ಇದಕ್ಕೆ ಯಾವ ಟೆಸ್ಟ್ ಹಾಕಬೇಕು?’ ಪ್ರಶ್ನೆ ಕೇಳುವ ಹೊತ್ತಿಗೆ ಮಾಸ್ಟರ್ ಚಾರ್ಟ್, ಅಂದರೆ ಎಲ್ಲ ರೋಗಿಗಳ ಮಾಹಿತಿ ತುಂಬಿದ ಪಟ್ಟಿ, ಸಿದ್ಧವಾಗಿರುತ್ತದೆ, ಸಲ್ಲಿಕೆಯ ದಿನಾಂಕ ಹತ್ತಿರ ಬಂದಿರುತ್ತದೆ, ಎಕ್ಸೆಲ್ ಹಾಳೆಯ ಕೊನೆಯ ಎರಡು ಕಾಲಂಗಳಲ್ಲಿ ‘ಆನ್-ಪಂಪ್’ ಮತ್ತು ‘ಆಫ್-ಪಂಪ್’ ಎಂಬ ಎರಡು ಗುಂಪುಗಳ ಸಾವು-ನೋವಿನ ಲೆಕ್ಕ ಕುಳಿತಿರುತ್ತದೆ. ಟೆಸ್ಟ್‌ನ ಹೆಸರು ಹೇಳುವುದು ಒಂದು ನಿಮಿಷದ ಕೆಲಸ. ಆದರೆ ಆ ಹೋಲಿಕೆ ನಿಲ್ಲುತ್ತದೆಯೋ ಬೀಳುತ್ತದೆಯೋ ಎಂಬುದು ಟೆಸ್ಟ್‌ಗಿಂತ ಬಹಳ ಮೊದಲೇ, ಯಾವ ರೋಗಿಗೆ ಯಾವ ವಿಧಾನ ಸಿಕ್ಕಿತು ಮತ್ತು ಏಕೆ ಸಿಕ್ಕಿತು ಎಂಬಲ್ಲಿಯೇ ತೀರ್ಮಾನವಾಗಿರುತ್ತದೆ. ಈ ಬರಹದ ಹೆಚ್ಚಿನ ಪಾಲನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಉದಾಹರಣೆಗೆ ಬೈಪಾಸ್ ಶಸ್ತ್ರಚಿಕಿತ್ಸೆಯನ್ನೇ ಇಟ್ಟುಕೊಳ್ಳೋಣ. ಹೃದಯವನ್ನು ನಿಲ್ಲಿಸಿ, ರಕ್ತಸಂಚಾರವನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ವಹಿಸಿ ಮಾಡುವುದು ಆನ್-ಪಂಪ್ ವಿಧಾನ. ಮಿಡಿಯುತ್ತಿರುವ ಹೃದಯದ ಮೇಲೆಯೇ, ಹೊಲಿಯುವ ಜಾಗವನ್ನಷ್ಟೇ ಸ್ಥಿರವಾಗಿ ಹಿಡಿದು ಮಾಡುವುದು ಆಫ್-ಪಂಪ್ ವಿಧಾನ. ಯಂತ್ರ ಬೇಡವಾದರೆ ಪಾರ್ಶ್ವವಾಯು, ಮೂತ್ರಪಿಂಡದ ತೊಂದರೆ, ರಕ್ತಸ್ರಾವ ಕಡಿಮೆಯಾಗಬಹುದು ಎಂಬುದು ಒಂದು ಕಡೆಯ ವಾದ. ಚಲಿಸುವ ಹೃದಯದ ಮೇಲೆ ಹಾಕಿದ ಹೊಲಿಗೆಯಿಂದ ಗ್ರಾಫ್ಟ್ (ಹೊಸದಾಗಿ ಜೋಡಿಸಿದ ರಕ್ತನಾಳ) ಬೇಗ ಮುಚ್ಚಿಹೋಗಬಹುದು ಎಂಬುದು ಇನ್ನೊಂದು ಕಡೆಯ ಭಯ. ಎರಡರಲ್ಲೂ ಹುರುಳಿರುವುದರಿಂದಲೇ ಹೋಲಿಕೆ ಬೇಕಾಗುತ್ತದೆ. ಕವಾಟದ ದುರಸ್ತಿ ಮತ್ತು ಕವಾಟ ಬದಲಾವಣೆ, ಒಂದು ಎದೆಗೂಡಿನ ಒಳಧಮನಿ ಮತ್ತು ಎರಡು ಒಳಧಮನಿ ಎಂಬಂಥ ಬೇರೆ ಜೋಡಿಗಳಿಗೂ ಮುಂದಿನ ಹಂತಗಳು ಹಾಗೆಯೇ ಅನ್ವಯಿಸುತ್ತವೆ.

ಮೊದಲನೆಯ ಹಂತ: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಆನ್-ಪಂಪ್ ಮತ್ತು ಆಫ್-ಪಂಪ್ ವಿಧಾನಗಳ ತುಲನಾತ್ಮಕ ಅಧ್ಯಯನ’ ಎಂಬುದು ಶೀರ್ಷಿಕೆಯಾದೀತು, ಪ್ರಶ್ನೆಯಾಗದು. ಯಾವ ರೋಗಿಗಳಲ್ಲಿ, ಯಾವುದಕ್ಕೆ ಹೋಲಿಸಿದರೆ ಯಾವುದು, ಯಾವ ಫಲಿತಾಂಶವನ್ನು, ಎಷ್ಟು ಕಾಲದೊಳಗೆ ಬದಲಿಸುತ್ತದೆ ಎಂಬ ನಾಲ್ಕೂ ಒಂದೇ ವಾಕ್ಯದಲ್ಲಿ ಬರಬೇಕು. ‘ಮೊದಲ ಬಾರಿಗೆ, ತುರ್ತಲ್ಲದ ಬೈಪಾಸ್‌ಗೆ ಒಳಗಾದ ವಯಸ್ಕರಲ್ಲಿ, ಆನ್-ಪಂಪ್‌ಗೆ ಹೋಲಿಸಿದರೆ ಆಫ್-ಪಂಪ್ ವಿಧಾನವು ಮೊದಲ 30 ದಿನಗಳಲ್ಲಿ ಮೂತ್ರಪಿಂಡದ ತೀವ್ರ ಹಾನಿಯನ್ನು ಕಡಿಮೆ ಮಾಡುತ್ತದೆಯೇ?’ ಎಂದು ಬರೆದ ಕೂಡಲೇ ಯಾವ ಕೇಸ್ ಶೀಟ್ ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿಯೇ ತಿಳಿಯಾಗುತ್ತದೆ.

ಫಲಿತಾಂಶದ ವ್ಯಾಖ್ಯೆಯನ್ನೂ ಇಲ್ಲಿಯೇ ಗಟ್ಟಿಮಾಡಬೇಕು. ‘ಮೂತ್ರಪಿಂಡದ ತೊಂದರೆ’ ಎಂದರೆ ಸಾಲದು. ಮೂತ್ರಪಿಂಡ ರೋಗಗಳ ಅಂತರರಾಷ್ಟ್ರೀಯ ಮಾರ್ಗಸೂಚಿ ಸಂಸ್ಥೆ ಕೆಡಿಗೋದ ಮಾನದಂಡದಂತೆ 48 ಗಂಟೆಗಳೊಳಗೆ ರಕ್ತದ ಕ್ರಿಯೇಟಿನಿನ್ (ಮೂತ್ರಪಿಂಡ ಸೋತಾಗ ಏರುವ ತ್ಯಾಜ್ಯ) ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರಿತೇ, ಅಥವಾ ಏಳು ದಿನಗಳೊಳಗೆ ಮೊದಲಿನ ಮಟ್ಟದ ಒಂದೂವರೆ ಪಟ್ಟಾಯಿತೇ ಎಂದು ಕೇಳಬೇಕು. ಹಾಗೆ ಕೇಳಿದಾಗಲೇ ಎರಡೂ ಗುಂಪಿನವರ ಕ್ರಿಯೇಟಿನಿನ್ ಅನ್ನು ಒಂದೇ ಕ್ರಮದಲ್ಲಿ, ಒಂದೇ ಸಂಖ್ಯೆಯ ದಿನಗಳಲ್ಲಿ ಅಳೆಯಲಾಗಿದೆಯೇ ಎಂಬ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಒಂದು ಗುಂಪಿಗೆ ದಿನವೂ ರಕ್ತ ತೆಗೆದು ಇನ್ನೊಂದು ಗುಂಪಿಗೆ ಮೂರು ದಿನಕ್ಕೊಮ್ಮೆ ತೆಗೆದಿದ್ದರೆ, ಹೆಚ್ಚು ನೋಡಿದಲ್ಲಿ ಹೆಚ್ಚು ಕಾಯಿಲೆ ಕಂಡೇ ಕಾಣುತ್ತದೆ. ಪಾರ್ಶ್ವವಾಯುವಿನಂಥ, ನೋಡುವವರ ತೀರ್ಮಾನವೂ ಸೇರಿರುವ ಫಲಿತಾಂಶವಾದರೆ, ಯಾವ ವಿಧಾನದಲ್ಲಿ ಶಸ್ತ್ರಚಿಕಿತ್ಸೆಯಾಯಿತೆಂಬುದು ಗೊತ್ತಿಲ್ಲದ ವೈದ್ಯರಿಂದ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮುಖ್ಯ ಫಲಿತಾಂಶ ಒಂದೇ ಇರಲಿ. ಇಪ್ಪತ್ತು ಫಲಿತಾಂಶಗಳನ್ನು ಪಿ ವ್ಯಾಲ್ಯೂ (ನಿಜವಾದ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವನೀಯತೆ) 0.05ರ ಗೆರೆಯಲ್ಲಿ ಪರೀಕ್ಷಿಸಿದರೆ, ಎರಡು ವಿಧಾನಗಳ ನಡುವೆ ಏನೇನೂ ವ್ಯತ್ಯಾಸವಿಲ್ಲದಿದ್ದರೂ ಸರಾಸರಿ ಒಂದರಲ್ಲಿ ‘ವ್ಯತ್ಯಾಸ’ ಸಿಗುತ್ತದೆ. ನೀವು ನಡೆಸುವುದು ಯಾದೃಚ್ಛಿಕ ಪ್ರಯೋಗವಾಗಿದ್ದರೆ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ - ಇಂಡಿಯಾದಲ್ಲಿ ನೋಂದಾಯಿಸಿ. 2007ರಲ್ಲಿ ಆರಂಭವಾದ ಈ ನೋಂದಣಿ 2009ರಿಂದ ಕಡ್ಡಾಯವಾಗಿದೆ. ಹಳೆಯ ಕೇಸ್ ಶೀಟ್‌ಗಳಿಂದ ಮಾಡುವ ಅಧ್ಯಯನವಾದರೂ ವಿಶ್ಲೇಷಣೆಯ ಯೋಜನೆಯನ್ನು ದಿನಾಂಕ ಸಹಿತ ಬರೆದು ಗೈಡ್ ಅವರ ಸಹಿ ಪಡೆಯುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ.

ಎರಡನೆಯ ಹಂತ: ಗುಂಪು ಹೇಗೆ ಆಯಿತೆಂದು ಕೇಳಿ

ಭದ್ರಾ ಅಚ್ಚುಕಟ್ಟಿನ ನೀರಾವರಿ ಗದ್ದೆಯಲ್ಲಿ ಒಂದು ತಳಿಯ ಮೆಕ್ಕೆಜೋಳವನ್ನೂ, ಜಗಳೂರಿನ ಖುಷ್ಕಿ ಹೊಲದಲ್ಲಿ ಇನ್ನೊಂದು ತಳಿಯನ್ನೂ ಬಿತ್ತಿ, ಕ್ವಿಂಟಲ್ ಲೆಕ್ಕ ಮುಂದಿಟ್ಟು ಮೊದಲ ತಳಿಯೇ ಉತ್ತಮವೆಂದರೆ ನಮ್ಮ ಜಿಲ್ಲೆಯ ಯಾವ ರೈತನೂ ಒಪ್ಪುವುದಿಲ್ಲ. ನೀರಿನ ಫಲವನ್ನು ಬೀಜಕ್ಕೆ ಕೊಡಬೇಡಿ ಎನ್ನುತ್ತಾನೆ. ಹೊಲದ ಪಾತಿಗಳಿಗೆ ಲಾಟರಿ ಎತ್ತಿ ಉಪಚಾರ ಹಂಚುವ ಪದ್ಧತಿಯನ್ನು ಆರ್. ಎ. ಫಿಶರ್ 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದ್ದು ಈ ಕಾರಣಕ್ಕೇ. ಆಸ್ಪತ್ರೆಯಲ್ಲಿ ಇದೇ ತಪ್ಪು ನಡೆದಾಗ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅಲ್ಲಿ ನೀರು ಕಾಣಿಸುವುದಿಲ್ಲ.

ಶಸ್ತ್ರಚಿಕಿತ್ಸಕರು ರೋಗಿಯನ್ನು ನೋಡಿ ವಿಧಾನ ಆರಿಸುತ್ತಾರೆ. ಮಹಾಧಮನಿಯ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಅದಕ್ಕೆ ಕ್ಲಾಂಪ್ ಹಾಕುವುದು ಅಪಾಯವೆಂದು ಆಫ್-ಪಂಪ್‌ನತ್ತ ವಾಲುತ್ತಾರೆ. ರಕ್ತನಾಳಗಳು ಸಣ್ಣಗಿದ್ದು ಉದ್ದಕ್ಕೂ ಕೆಟ್ಟಿದ್ದರೆ, ಅಥವಾ ಹೃದಯ ಊದಿಕೊಂಡಿದ್ದರೆ ಆನ್-ಪಂಪ್ ಸುರಕ್ಷಿತವೆನ್ನುತ್ತಾರೆ. ಹೀಗೆ ಆಯ್ಕೆಯ ಕಾರಣವೇ ಫಲಿತಾಂಶದ ಕಾರಣವೂ ಆಗಿಬಿಡುತ್ತದೆ.

ಲೆಕ್ಕ ಕಲಿಯಲೆಂದು ಕಲ್ಪಿಸಿದ ಅಂಕಿಗಳಿಂದ ಇದನ್ನು ನೋಡಿ. ಪ್ರತಿ ಗುಂಪಿನಲ್ಲಿ 200 ರೋಗಿಗಳು. ಆಫ್-ಪಂಪ್ ಗುಂಪಿನಲ್ಲಿ 7 ಸಾವು, ಅಂದರೆ ಶೇ. 3.5, ಆನ್-ಪಂಪ್ ಗುಂಪಿನಲ್ಲಿ 13 ಸಾವು, ಅಂದರೆ ಶೇ. 6.5. ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತಲ್ಲ ಎನ್ನಿಸುತ್ತದೆ. ಈಗ ರೋಗಿಗಳನ್ನು ಶಸ್ತ್ರಚಿಕಿತ್ಸೆಗೆ ಮುಂಚಿನ ಅಪಾಯದಂತೆ ವಿಂಗಡಿಸಿ. ಆಫ್-ಪಂಪ್‌ನಲ್ಲಿ ಕಡಿಮೆ ಅಪಾಯದ 150 ಜನರಿದ್ದು ಅವರಲ್ಲಿ 3 ಸಾವು, ಹೆಚ್ಚು ಅಪಾಯದ 50 ಜನರಲ್ಲಿ 4 ಸಾವು. ಆನ್-ಪಂಪ್‌ನಲ್ಲಿ ಕಡಿಮೆ ಅಪಾಯದವರು 50, ಸಾವು 1. ಹೆಚ್ಚು ಅಪಾಯದವರು 150, ಸಾವು 12. ಭಾಗಿಸಿ ನೋಡಿದರೆ ಕಡಿಮೆ ಅಪಾಯದವರಲ್ಲಿ ಎರಡೂ ಕಡೆ ಶೇ. 2, ಹೆಚ್ಚು ಅಪಾಯದವರಲ್ಲಿ ಎರಡೂ ಕಡೆ ಶೇ. 8. ವಿಧಾನದಿಂದ ಒಂದು ಕೂದಲಷ್ಟೂ ವ್ಯತ್ಯಾಸವಿಲ್ಲ. ಇದ್ದ ವ್ಯತ್ಯಾಸವೆಲ್ಲ ಯಾರನ್ನು ಯಾವ ಗುಂಪಿಗೆ ಹಾಕಿದರು ಎಂಬುದರಲ್ಲಿತ್ತು. ಈ ಕೋಷ್ಟಕವನ್ನು ನೀವೇ ಒಂದು ಹಾಳೆಯ ಮೇಲೆ ಬರೆದು ಕೂಡಿಸಿ ನೋಡಿ; ಇದು ಕೈಗೆ ಹತ್ತಿದರೆ ಮುಂದಿನ ಅರ್ಧ ಕೆಲಸ ಮುಗಿದಂತೆ.

ಆದ್ದರಿಂದ ಮಾಸ್ಟರ್ ಚಾರ್ಟ್ ತಯಾರಿಸುವ ಮೊದಲು ಶಸ್ತ್ರಚಿಕಿತ್ಸಕರ ಬಳಿ ಅರ್ಧ ಗಂಟೆ ಕುಳಿತು, ‘ನೀವು ಯಾವ ರೋಗಿಗೆ ಯಾವುದನ್ನು ಆರಿಸುತ್ತೀರಿ, ಏನನ್ನು ನೋಡಿ ಆರಿಸುತ್ತೀರಿ’ ಎಂದು ಕೇಳಿ ಬರೆದುಕೊಳ್ಳಿ. ಅವರು ಹೇಳುವ ಪ್ರತಿಯೊಂದು ಕಾರಣವೂ ಒಂದು ಕಾಲಂ ಆಗಬೇಕು. ವಯಸ್ಸು, ಲಿಂಗ, ಮಧುಮೇಹ, ಇಜೆಕ್ಷನ್ ಫ್ರಾಕ್ಷನ್ (ಪ್ರತಿ ಮಿಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು), ಕ್ರಿಯೇಟಿನಿನ್, ಹಿಂದಿನ ಪಾರ್ಶ್ವವಾಯು, ಎಡ ಮುಖ್ಯ ಧಮನಿಯ ಕಾಯಿಲೆ, ತುರ್ತು ಎಷ್ಟಿತ್ತು, ಮಹಾಧಮನಿಯ ಸುಣ್ಣ, ಯೂರೋಸ್ಕೋರ್-2 (ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಸಾವಿನ ಅಪಾಯವನ್ನು ಅಂದಾಜಿಸುವ ಅಂಕ) ಇವು ಸಾಮಾನ್ಯವಾಗಿ ಬೇಕಾಗುತ್ತವೆ. ಚಿಕಿತ್ಸೆಯ ವೆಚ್ಚ ಆರೋಗ್ಯ ಕರ್ನಾಟಕ ಕಾರ್ಡಿನಿಂದಲೋ ಸ್ವಂತ ಹಣದಿಂದಲೋ ಎಂಬುದೂ ಆಯ್ಕೆಯ ಮೇಲೆ ಪರಿಣಾಮ ಬೀರುವಂತಿದ್ದರೆ ಅದನ್ನೂ ಸೇರಿಸಿ. ಶಸ್ತ್ರಚಿಕಿತ್ಸಕರು ಯಾರು ಎಂಬ ಕಾಲಂ ಮರೆಯಬೇಡಿ. ಒಬ್ಬರು ಸದಾ ಆಫ್-ಪಂಪ್, ಇನ್ನೊಬ್ಬರು ಸದಾ ಆನ್-ಪಂಪ್ ಮಾಡುವ ಆಸ್ಪತ್ರೆಯಲ್ಲಿ ನೀವು ಹೋಲಿಸುತ್ತಿರುವುದು ಎರಡು ವಿಧಾನಗಳನ್ನೋ ಇಬ್ಬರು ವೈದ್ಯರ ಕೈಗಳನ್ನೋ ಎಂಬುದನ್ನು ಯಾವ ಗಣಿತವೂ ಬಿಡಿಸಿ ಹೇಳಲಾರದು.

ಮೂರನೆಯ ಹಂತ: ಎಷ್ಟು ರೋಗಿಗಳು ಬೇಕು

ಸಾವಿನ ಪ್ರಮಾಣವನ್ನು ಶೇ. 6ರಿಂದ ಶೇ. 4ಕ್ಕೆ ಇಳಿಸುವ ವ್ಯತ್ಯಾಸವನ್ನು ಶೇ. 80ರ ಸಾಮರ್ಥ್ಯದೊಂದಿಗೆ (ವ್ಯತ್ಯಾಸ ನಿಜವಾಗಿದ್ದರೆ ಅದನ್ನು ಕಾಣುವ ಸಂಭವನೀಯತೆ) ಹಿಡಿಯಬೇಕಾದರೆ ಲೆಕ್ಕ ಹೀಗೆ: 0.06ನ್ನು 0.94ರಿಂದ ಗುಣಿಸಿ, ಅದಕ್ಕೆ 0.04 ಮತ್ತು 0.96ರ ಗುಣಲಬ್ಧ ಕೂಡಿಸಿದರೆ 0.0948, ಅದನ್ನು ವ್ಯತ್ಯಾಸದ ವರ್ಗವಾದ 0.0004ರಿಂದ ಭಾಗಿಸಿದರೆ 237, 0.05ರ ಗೆರೆಗೂ ಶೇ. 80ರ ಸಾಮರ್ಥ್ಯಕ್ಕೂ ಸಲ್ಲುವ ಗುಣಕವಾದ 7.84ರಿಂದ ಗುಣಿಸಿದರೆ ಸುಮಾರು 1,858. ಇದು ಒಂದು ಗುಂಪಿಗೆ ಬೇಕಾದವರ ಸಂಖ್ಯೆ. ಎರಡು ವರ್ಷದಲ್ಲಿ ನೂರಿನ್ನೂರು ರೋಗಿಗಳು ಸಿಗುವ ಪ್ರಬಂಧದಲ್ಲಿ ಸಾವನ್ನು ಮುಖ್ಯ ಫಲಿತಾಂಶವಾಗಿಸಿಕೊಂಡರೆ ಉತ್ತರ ಸಿಗುವುದಿಲ್ಲ ಎಂಬುದು ಆರಂಭದ ದಿನವೇ ಗೊತ್ತಿರಬೇಕು. ಅಂಥ ಅಧ್ಯಯನಕ್ಕೆ ವೆಂಟಿಲೇಟರ್ ಮೇಲಿದ್ದ ಗಂಟೆಗಳು, ಐಸಿಯು ವಾಸ, ಕೊಟ್ಟ ರಕ್ತದ ಯೂನಿಟ್‌ಗಳು, ಕ್ರಿಯೇಟಿನಿನ್ ಏರಿಕೆ ಇವು ಹೊಂದುತ್ತವೆ.

‘ನಮ್ಮ ನೂರು ರೋಗಿಗಳಲ್ಲಿ ಒಂದೂ ಸಾವಿಲ್ಲ’ ಎಂಬ ವಾಕ್ಯವನ್ನೂ ಎಚ್ಚರದಿಂದ ಓದಬೇಕು. ನೂರರಲ್ಲಿ ಸೊನ್ನೆ ಬಂದರೆ ನಿಜವಾದ ಪ್ರಮಾಣ ಶೇ. 3ರವರೆಗೂ ಇರಬಹುದು, ಮೂರನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸುವ ಸರಳ ನಿಯಮ ಇದನ್ನು ಹೇಳುತ್ತದೆ.

ನಾಲ್ಕನೆಯ ಹಂತ: ಮಾಸ್ಟರ್ ಚಾರ್ಟ್

ಒಬ್ಬ ರೋಗಿಗೆ ಒಂದು ಸಾಲು, ಒಂದು ಅಂಶಕ್ಕೆ ಒಂದು ಕಾಲಂ. ದಿನಾಂಕಗಳನ್ನು ದಿನಾಂಕವಾಗಿಯೇ ನಮೂದಿಸಿ, ‘12 ದಿನ’ ಎಂದು ಕೈಲೆಕ್ಕ ಮಾಡಿ ಬರೆಯಬೇಡಿ. ಗೊತ್ತಿಲ್ಲದ ಮಾಹಿತಿಯ ಜಾಗ ಖಾಲಿ ಇರಲಿ. ಅಲ್ಲಿ ಸೊನ್ನೆ ಹಾಕಿದರೆ ಅದು ‘ಇಲ್ಲ’ ಎಂಬ ಉತ್ತರವಾಗಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಖಾಲಿ ಜಾಗಗಳು ಹೆಚ್ಚಿದ್ದರೆ ಆ ಸಾಲುಗಳನ್ನು ಅಳಿಸಿ ಮುಂದೆ ಹೋಗುವುದು ಅಪಾಯ. ತುರ್ತಾಗಿ ಓಟಿಗೆ (ಶಸ್ತ್ರಚಿಕಿತ್ಸಾ ಕೊಠಡಿಗೆ) ಹೋದವರಿಗೇ ಎಕೋ ವರದಿ ಇರದಿದ್ದರೆ, ಸಾಲು ಅಳಿಸಿದಾಗ ಅತಿ ಕಾಯಿಲೆಯವರೇ ಪಟ್ಟಿಯಿಂದ ಹೊರಬೀಳುತ್ತಾರೆ. ಇಂಥಲ್ಲಿ, ಇರುವ ಮಾಹಿತಿಯಿಂದ ಖಾಲಿ ಜಾಗಗಳನ್ನು ಹಲವು ಸಲ ಅಂದಾಜಿಸಿ ತುಂಬುವ ಮಲ್ಟಿಪಲ್ ಇಂಪ್ಯುಟೇಷನ್ ವಿಧಾನ ಬಳಸಬಹುದು.

ಗುಂಪಿನ ಕಾಲಂ ಎರಡಿರಲಿ: ಮೊದಲು ಯೋಚಿಸಿದ್ದ ವಿಧಾನ ಯಾವುದು, ಕೊನೆಗೆ ನಡೆದದ್ದು ಯಾವುದು. ಇದು ಏಕೆ ಮುಖ್ಯವೆಂಬುದನ್ನು ನಾನು ಕಲಿತದ್ದು ಒಂದು ಪ್ರಬಂಧದ ದೆಸೆಯಿಂದ. ಆಫ್-ಪಂಪ್ ಗುಂಪಿನ ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿತ್ತು. ಅನುಮಾನ ಬಂದು ಓಟಿ ನೋಟ್ಸ್‌ಗಳನ್ನು ಒಂದೊಂದಾಗಿ ತಿರುವಿ ಹಾಕಿದೆವು. ಮೊದಲ ಸಾಲಿನಲ್ಲಿ ಆಫ್-ಪಂಪ್ ಎಂದಿದ್ದು, ಹಾಳೆಯ ನಡುವೆ ಬೇರೆ ಶಾಯಿಯಲ್ಲಿ ‘ಬಿಪಿ ಕುಸಿಯಿತು, ಪಂಪ್‌ಗೆ ಪರಿವರ್ತಿಸಲಾಯಿತು’ ಎಂದು ಬರೆದಿದ್ದ ಕೆಲವು ಪ್ರಕರಣಗಳು ಸಿಕ್ಕವು. ಅವನ್ನೆಲ್ಲ ಆನ್-ಪಂಪ್ ಎಂದು ನಮೂದಿಸಲಾಗಿತ್ತು. ಆಫ್-ಪಂಪ್ ಪ್ರಯತ್ನದಲ್ಲಿ ಸಂಕಷ್ಟಕ್ಕೆ ಸಿಲುಕಿದ ರೋಗಿಗಳ ಹೊರೆಯನ್ನೆಲ್ಲ ಎದುರು ಗುಂಪಿನ ಹೆಗಲಿಗೆ ಹಾಕಿದಂತಾಗಿತ್ತು. ಮೂಲ ಉದ್ದೇಶದಂತೆ ಅವರನ್ನು ಮರಳಿಸಿದಾಗ ಆ ಅದ್ಭುತ ವ್ಯತ್ಯಾಸ ಉಳಿಯಲಿಲ್ಲ. ವಿದ್ಯಾರ್ಥಿಗೆ ಬೇಸರವಾಯಿತು, ನನಗೂ ಆಯಿತು. ಆದರೆ ಆ ಪ್ರಬಂಧ ಸರಿಯಾದ ಉತ್ತರದೊಂದಿಗೆ ಹೋಯಿತು.

ದೊಡ್ಡ ಪ್ರಯೋಗಗಳಲ್ಲೂ ಇದು ಸಣ್ಣ ಸಂಖ್ಯೆಯಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2,203 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ರೂಬಿ ಪ್ರಯೋಗದಲ್ಲಿ, ಆಫ್-ಪಂಪ್‌ಗೆ ನಿಗದಿಯಾದವರಲ್ಲಿ ಶೇ. 12.4ರಷ್ಟು ಜನರನ್ನು ಆನ್-ಪಂಪ್‌ಗೆ ಬದಲಿಸಬೇಕಾಯಿತು. ಮುಖ್ಯ ವಿಶ್ಲೇಷಣೆ ಯಾವಾಗಲೂ ಮೂಲ ಉದ್ದೇಶದ ಗುಂಪಿನಂತೆಯೇ ನಡೆಯಲಿ. ನಡೆದ ವಿಧಾನದಂತೆ ಮಾಡಿದ ವಿಶ್ಲೇಷಣೆಯನ್ನು ಬೇಕಾದರೆ ಪಕ್ಕದಲ್ಲಿ ಕೊಡಿ.

ಐದನೆಯ ಹಂತ: ಈಗ ಟೆಸ್ಟ್

ಹೌದು-ಇಲ್ಲ ಎಂಬ ಫಲಿತಾಂಶಕ್ಕೆ ಕೈ-ವರ್ಗ ಪರೀಕ್ಷೆ. ಯಾವುದೇ ಮನೆಯ ನಿರೀಕ್ಷಿತ ಸಂಖ್ಯೆ ಐದಕ್ಕಿಂತ ಕಡಿಮೆಯಾದರೆ ಫಿಶರ್ ಅವರ ನಿಖರ ಪರೀಕ್ಷೆ. ಗಂಟೆ, ದಿನ, ಯೂನಿಟ್‌ಗಳಂಥ ಅಳತೆಗೆ, ಹರಡಿಕೆ ಸಮತೋಲನದಲ್ಲಿದ್ದರೆ ಟಿ-ಪರೀಕ್ಷೆ. ಆದರೆ ಆಸ್ಪತ್ರೆಯ ದಿನಗಳು ಸಮತೋಲನದಲ್ಲಿರುವುದು ಅಪರೂಪ. ಒಂಬತ್ತು ಜನ ಏಳು ದಿನಕ್ಕೆ ಮನೆಗೆ ಹೋಗಿ, ಹತ್ತನೆಯವರು ಎದೆಮೂಳೆಯ ಸೋಂಕಿನಿಂದ 47 ದಿನ ಉಳಿದರೆ ಸರಾಸರಿ 11 ದಿನ. ಆದರೆ ಹನ್ನೊಂದು ದಿನ ಇದ್ದವರು ಆ ವಾರ್ಡಿನಲ್ಲಿ ಒಬ್ಬರೂ ಇಲ್ಲ. ಇಂಥಲ್ಲಿ ಮಧ್ಯಾಂಕವನ್ನೂ ಚತುರ್ಥಕಗಳನ್ನೂ ಕೊಟ್ಟು ಮನ್-ವಿಟ್ನಿ ಪರೀಕ್ಷೆ ಬಳಸಿ. ಆ 47 ದಿನದ ರೋಗಿಯನ್ನು ‘ಹೊರಗುಳಿದ ಅಂಕಿ’ ಎಂದು ಕಿತ್ತುಹಾಕಬೇಡಿ; ಶಸ್ತ್ರಚಿಕಿತ್ಸೆಯ ಬೆಲೆ ಕಾಣುವುದು ಅಂಥವರಲ್ಲಿಯೇ.

ಪಿ ವ್ಯಾಲ್ಯೂ ಒಂದನ್ನೇ ಬರೆದು ನಿಲ್ಲಿಸುವ ಅಭ್ಯಾಸವನ್ನು ಬಿಡಲೇಬೇಕು. ಮೇಲಿನ ಕಲ್ಪಿತ ಉದಾಹರಣೆಯಲ್ಲಿ ವ್ಯತ್ಯಾಸ ಶೇಕಡಾ 3 ಅಂಶ. ಅದರ 95 ಪ್ರತಿಶತ ವಿಶ್ವಾಸಾಂತರ ಸುಮಾರು −1.3ರಿಂದ 7.3. ಅಂದರೆ ಅಪಾಯದ ಹೊಂದಾಣಿಕೆ ಮಾಡುವ ಮೊದಲೇ, ಆಫ್-ಪಂಪ್ ವಿಧಾನದಿಂದ ನೂರಕ್ಕೆ ಒಬ್ಬರಿಗೆ ಕೆಡುಕಾಗುವುದರಿಂದ ಹಿಡಿದು ನೂರಕ್ಕೆ ಏಳು ಜನ ಉಳಿಯುವವರೆಗೆ ಎಲ್ಲವೂ ಈ ಅಂಕಿಗಳೊಂದಿಗೆ ಹೊಂದುತ್ತದೆ. ‘ಮಹತ್ವದ ವ್ಯತ್ಯಾಸವಿಲ್ಲ’ ಎಂಬ ಎರಡು ಪದಗಳಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ. ವ್ಯತ್ಯಾಸ ಸಿಗಲಿಲ್ಲವೆಂಬುದು ಬೇರೆ, ವ್ಯತ್ಯಾಸವಿಲ್ಲವೆಂದು ತೋರಿಸಿದೆವೆಂಬುದು ಬೇರೆ.

ಆರನೆಯ ಹಂತ: ಗುಂಪುಗಳನ್ನು ಸರಿದೂಗಿಸುವುದು

ಲಾಟರಿ ಎತ್ತದ ಅಧ್ಯಯನದಲ್ಲಿ ಸರಿದೂಗಿಸುವ ಕೆಲಸ ತಪ್ಪಿದ್ದಲ್ಲ. ಎಲ್ಲ ಅಂಶಗಳನ್ನೂ, ಹೌದು-ಇಲ್ಲ ಫಲಿತಾಂಶದ ಮೇಲೆ ಹಲವು ಅಂಶಗಳ ಪ್ರಭಾವವನ್ನು ಒಟ್ಟಿಗೆ ಅಳೆಯುವ ಲಾಜಿಸ್ಟಿಕ್ ರಿಗ್ರೆಷನ್‌ಗೆ ತುಂಬುವುದು ಹೆಚ್ಚಿನವರು ಹಿಡಿಯುವ ದಾರಿ. ಒಂದು ಅಂಶಕ್ಕೆ ಸುಮಾರು ಹತ್ತು ಘಟನೆಗಳಾದರೂ ಇರಬೇಕೆಂಬ ಸ್ಥೂಲ ನಿಯಮದಂತೆ, ಒಟ್ಟು 20 ಸಾವುಗಳಿದ್ದರೆ ಎರಡು ಅಂಶಗಳಿಗಿಂತ ಹೆಚ್ಚು ಸೇರಿಸುವುದು ಕಷ್ಟ. ಪ್ರಾಪೆನ್ಸಿಟಿ ಸ್ಕೋರ್ ನೆರವಿಗೆ ಬರುವುದು ಇಲ್ಲಿ. ಪಾಲ್ ರೋಸೆನ್‌ಬಾಮ್ ಮತ್ತು ಡೊನಾಲ್ಡ್ ರೂಬಿನ್ 1983ರಲ್ಲಿ ಮುಂದಿಟ್ಟ ಈ ವಿಧಾನದಲ್ಲಿ ಸಾವನ್ನಲ್ಲ, ಆಯ್ಕೆಯನ್ನು ಊಹಿಸುತ್ತೇವೆ: ಈ ಲಕ್ಷಣಗಳ ರೋಗಿಗೆ ಆಫ್-ಪಂಪ್ ಸಿಗುವ ಸಂಭವನೀಯತೆ ಎಷ್ಟು? ಗುಂಪುಗಳಲ್ಲಿ ತಲಾ 200 ಜನರಿರುವುದರಿಂದ ಹತ್ತು ಹನ್ನೆರಡು ಅಂಶಗಳನ್ನು ಇಲ್ಲಿ ಧಾರಾಳವಾಗಿ ಸೇರಿಸಬಹುದು. ಆಮೇಲೆ ಅಂಥದೇ ಸ್ಕೋರಿನ ಒಬ್ಬ ಆಫ್-ಪಂಪ್ ರೋಗಿಯನ್ನೂ ಒಬ್ಬ ಆನ್-ಪಂಪ್ ರೋಗಿಯನ್ನೂ ಜೋಡಿ ಮಾಡುತ್ತೇವೆ. ಸ್ಕೋರಿನ ಲಾಜಿಟ್ ರೂಪದ (ಆಗುವ-ಆಗದಿರುವ ಸಂಭವನೀಯತೆಗಳ ಅನುಪಾತದ ಲಾಗರಿದಮ್) ಮಾನಕ ವಿಚಲನೆಯ 0.2 ಪಟ್ಟಿನೊಳಗೆ ಜೋಡಿ ಸಿಗದವರನ್ನು ಬಿಡುವುದು ರೂಢಿ. ಹಲವು ಲಕ್ಷಣಗಳಲ್ಲಿ ಇಬ್ಬರು ಎಷ್ಟು ದೂರವೆಂದು ಒಟ್ಟಾಗಿ ಅಳೆಯಲು ಪಿ. ಸಿ. ಮಹಾಲನೋಬಿಸ್ 1936ರಲ್ಲಿ ಕೊಟ್ಟ ದೂರದ ಅಳತೆಯೂ ಇಂದಿಗೂ ಜೋಡಿ ಮಾಡುವಾಗ ಬಳಕೆಯಲ್ಲಿದೆ.

ಸ್ಕೋರಿಗೆ ಸೇರಬೇಕಾದದ್ದು ಶಸ್ತ್ರಚಿಕಿತ್ಸೆಗೆ ಮುಂಚೆ ಗೊತ್ತಿದ್ದ ಅಂಶಗಳು ಮಾತ್ರ. ಹಾಕಿದ ಗ್ರಾಫ್ಟ್‌ಗಳ ಸಂಖ್ಯೆಯನ್ನು ಸೇರಿಸುವ ತಪ್ಪನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆಫ್-ಪಂಪ್‌ನಲ್ಲಿ ಗ್ರಾಫ್ಟ್‌ಗಳು ಕಡಿಮೆ ಬೀಳುವುದುಂಟು, ಆದರೆ ಅದು ಆ ವಿಧಾನದ್ದೇ ಪರಿಣಾಮ. ಅದನ್ನು ಸರಿದೂಗಿಸಿದರೆ ನೀವು ಅಳೆಯಲು ಹೊರಟದ್ದನ್ನೇ ಅಳಿಸಿಹಾಕಿದಂತಾಯಿತು.

ಜೋಡಿಯಾದ ಮೇಲೆ ಗುಂಪುಗಳು ಸಮವಾದವೇ ಎಂದು ನೋಡಲು ಪಿ ವ್ಯಾಲ್ಯೂ ಬಳಸಬೇಡಿ. ಜನ ಕಡಿಮೆಯಾದರೆ ಸಾಕು, ಅದು ತಾನಾಗಿಯೇ ದೊಡ್ಡದಾಗುತ್ತದೆ. ಸರಾಸರಿಗಳ ವ್ಯತ್ಯಾಸವನ್ನು ಮಾನಕ ವಿಚಲನೆಯಿಂದ ಭಾಗಿಸಿ ನೋಡಿ. ಒಂದು ಗುಂಪಿನ ಸರಾಸರಿ ವಯಸ್ಸು 58, ವಿಚಲನೆ 9. ಇನ್ನೊಂದರದು 61, ವಿಚಲನೆ 10 ಎಂದಿಟ್ಟುಕೊಳ್ಳಿ. ಸಂಯುಕ್ತ ವಿಚಲನೆ ಸುಮಾರು 9.5, ಮೂರನ್ನು ಅದರಿಂದ ಭಾಗಿಸಿದರೆ 0.32. ಇದು 0.1ಕ್ಕಿಂತ ಕೆಳಗೆ ಬರುವವರೆಗೆ ಮಾದರಿಯನ್ನು ತಿದ್ದಬೇಕು, ಮತ್ತು ಹಾಗೆ ತಿದ್ದುವಾಗ ಫಲಿತಾಂಶದ ಕಾಲಂ ಅನ್ನು ತೆರೆದು ನೋಡಬಾರದು. ಜೋಡಿ ಸಿಗದೆ ಹೊರಬಿದ್ದವರು ಯಾರೆಂಬುದನ್ನು ಪ್ರಬಂಧದಲ್ಲಿ ಬರೆಯಿರಿ. ನೂರಕ್ಕೆ ಅರವತ್ತು ಜನ ಹೊರಬಿದ್ದರೆ ಉಳಿದ ಉತ್ತರ ಉಳಿದವರಿಗಷ್ಟೇ ಸಲ್ಲುತ್ತದೆ.

ಕೇಸ್ ಶೀಟಿನಲ್ಲಿ ಬರೆಯದೆ ಇದ್ದುದನ್ನು ಯಾವ ಸ್ಕೋರೂ ಸರಿದೂಗಿಸದು. ರೋಗಿ ಎಷ್ಟು ಕೃಶರಾಗಿದ್ದರು, ವಾರ್ಡಿನಿಂದ ಬಚ್ಚಲಿಗೆ ನಡೆಯುವಾಗ ಗೋಡೆ ಹಿಡಿಯುತ್ತಿದ್ದರೇ ಎಂಬುದನ್ನು ಶಸ್ತ್ರಚಿಕಿತ್ಸಕರ ಕಣ್ಣು ಗಮನಿಸಿರುತ್ತದೆ, ಕಾಗದ ಗಮನಿಸಿರುವುದಿಲ್ಲ. ಈ ಮಿತಿಯನ್ನು ಒಪ್ಪಿ ಬರೆಯಿರಿ. ಕಾಣದ ಅಂಶ ಎಷ್ಟು ಬಲವಾಗಿದ್ದರೆ ನಿಮ್ಮ ಉತ್ತರ ಬುಡಮೇಲಾಗುತ್ತದೆ ಎಂಬುದನ್ನು ಇ-ವ್ಯಾಲ್ಯೂ ಮೂಲಕ ಲೆಕ್ಕ ಹಾಕಿ ಕೊಡಬಹುದು.

ಏಳನೆಯ ಹಂತ: ಕಾಲದ ಲೆಕ್ಕ

ಮೂವತ್ತು ದಿನಗಳಾಚೆ ಹೋದೊಡನೆ ಫಾಲೋ-ಅಪ್‌ನ ಸಮಸ್ಯೆ ಶುರುವಾಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು, ಹರಪನಹಳ್ಳಿಗಳಿಂದ ಬಂದವರು ಒಂದು ಸಲ ತೋರಿಸಿಕೊಂಡು ಹೋದ ಮೇಲೆ ಮತ್ತೆ ಬರುವುದು ಕಡಿಮೆ. ಆಗ ಡಿಸ್ಚಾರ್ಜ್ ಕಾರ್ಡಿನಲ್ಲಿರುವ ಫೋನ್ ನಂಬರೇ ಗತಿ. ಒಂದು ಮಧ್ಯಾಹ್ನ ವಿದ್ಯಾರ್ಥಿಯೊಬ್ಬರು ನನ್ನ ಎದುರಿಗೇ ಕುಳಿತು ಫೋನ್ ಮಾಡುತ್ತಿದ್ದಾಗ, ಆ ಕಡೆಯಿಂದ ಒಬ್ಬ ಹುಡುಗ, ‘ಅಪ್ಪ ಹೊಲಕ್ಕೆ ಹೋಗಿದಾರೆ ಸರ್, ಸಂಜೆ ಮಾಡ್ರಿ’ ಎಂದ. ಪಟ್ಟಿಯಲ್ಲಿ ಆ ಸಾಲಿಗೆ ಆ ದಿನದ ದಿನಾಂಕ ಹಾಕಿ ‘ಜೀವಂತ’ ಎಂದು ಬರೆದೆವು. ಮುಂದಿನ ನಂಬರು ಸ್ವಿಚ್ ಆಫ್. ಅದರ ಮುಂದೆ ‘ಜೀವಂತ’ ಎಂದೂ ಬರೆಯುವಂತಿಲ್ಲ, ‘ಮೃತ’ ಎಂದೂ ಬರೆಯುವಂತಿಲ್ಲ, ಸಾಲನ್ನು ಅಳಿಸುವಂತೆಯೂ ಇಲ್ಲ. ಕೊನೆಯ ಸಲ ಜೀವಂತವಾಗಿದ್ದುದು ಗೊತ್ತಿರುವ ದಿನಾಂಕ ಬರೆದು ‘ಸೆನ್ಸರ್’ (ಅಲ್ಲಿಂದಾಚೆಯ ಸುದ್ದಿ ಗೊತ್ತಿಲ್ಲ) ಎಂದು ಗುರುತಿಸಬೇಕು.

ಇಂಥ ಅರೆ ಮಾಹಿತಿಯನ್ನೂ ವ್ಯರ್ಥವಾಗದಂತೆ ಬಳಸುವ ದಾರಿಯನ್ನು ಎಡ್ವರ್ಡ್ ಕಪ್ಲಾನ್ ಮತ್ತು ಪಾಲ್ ಮೈಯರ್ 1958ರಲ್ಲಿ ತೋರಿಸಿದರು. ಹತ್ತು ರೋಗಿಗಳನ್ನು ಕಲ್ಪಿಸಿಕೊಳ್ಳಿ. ಮೂರನೆಯ ತಿಂಗಳಲ್ಲಿ ಒಬ್ಬರು ತೀರಿಕೊಂಡರು: ಉಳಿದ ಪಾಲು ಹತ್ತರಲ್ಲಿ ಒಂಬತ್ತು, 0.9. ಆರನೆಯ ತಿಂಗಳಲ್ಲಿ ಇಬ್ಬರ ಸುದ್ದಿ ಸಿಗದಾಯಿತು. ಪಾಲು ಬದಲಾಗುವುದಿಲ್ಲ, ಲೆಕ್ಕದಲ್ಲಿ ಉಳಿದವರು ಏಳು. ಒಂಬತ್ತನೆಯ ತಿಂಗಳಲ್ಲಿ ಒಬ್ಬರು ತೀರಿಕೊಂಡರು: ಏಳರಲ್ಲಿ ಆರು, 0.857. ಗುಣಿಸಿದರೆ 0.77. ಸುದ್ದಿ ಸಿಗದವರನ್ನು ಬದುಕಿದವರೆಂದು ಎಣಿಸಿದ್ದರೆ 0.80, ಅಳಿಸಿದ್ದರೆ 0.75 ಬರುತ್ತಿತ್ತು. ಈ ಲೆಕ್ಕ ನಿಲ್ಲಬೇಕಾದರೆ ಸುದ್ದಿ ಸಿಗದವರು ಉಳಿದವರಂತೆಯೇ ಇರಬೇಕು. ಸತ್ತವರ ಮನೆಯ ಫೋನೇ ಹೆಚ್ಚಾಗಿ ಸ್ವಿಚ್ ಆಫ್ ಆಗಿದ್ದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಸೇರಿಸಿಕೊಳ್ಳುವ ದಿನವೇ ಎರಡು ನಂಬರು, ಸಾಧ್ಯವಾದರೆ ಊರಿನ ಆಶಾ ಕಾರ್ಯಕರ್ತೆಯ ನಂಬರು ಸಹ, ರೋಗಿಯ ಒಪ್ಪಿಗೆ ಪಡೆದು ಬರೆದುಕೊಳ್ಳಿ.

ಪ್ರತಿ ಗುಂಪಿನ ಈ ಪಾಲನ್ನು ಕಾಲದುದ್ದಕ್ಕೂ ಎಳೆದರೆ ಒಂದೊಂದು ಗೆರೆ ಸಿಗುತ್ತದೆ. ಆ ಎರಡು ಗೆರೆಗಳನ್ನು ಹೋಲಿಸಲು ಲಾಗ್-ರ್ಯಾಂಕ್ ಪರೀಕ್ಷೆ, ಇತರ ಅಂಶಗಳನ್ನು ಸೇರಿಸಿ ನೋಡಲು ಡೇವಿಡ್ ಕಾಕ್ಸ್ 1972ರಲ್ಲಿ ಕೊಟ್ಟ ಮಾದರಿ. ಈ ಎರಡರ ನಡುವಿನ ನಂಟನ್ನು ಹೇಳುವಾಗ ನನಗೆ ಹೆಮ್ಮೆಯೆನಿಸುತ್ತದೆ: ಕಾಕ್ಸ್ ಮಾದರಿಗೆ ಸ್ಕೋರ್ ಪರೀಕ್ಷೆ (ಮೇಲಿನ ಪ್ರಾಪೆನ್ಸಿಟಿ ಸ್ಕೋರಿಗಿಂತ ಬೇರೆಯದು) ಹಚ್ಚಿದರೆ ಸಿಗುವುದೇ ಲಾಗ್-ರ್ಯಾಂಕ್; ಆ ಸ್ಕೋರ್ ಪರೀಕ್ಷೆಯನ್ನು 1948ರಲ್ಲಿ ಕೊಟ್ಟವರು ನಮ್ಮ ನೆರೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್.

ಕಾಕ್ಸ್ ಮಾದರಿಯು ತಾನು ಕೊಡುವ ಹಜಾರ್ಡ್ ಅನುಪಾತ (ಯಾವುದೇ ಹೊತ್ತಿನಲ್ಲಿ ಎರಡು ಗುಂಪುಗಳ ಅಪಾಯದ ಅನುಪಾತ) ಕಾಲದುದ್ದಕ್ಕೂ ಒಂದೇ ಎಂದು ಊಹಿಸಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಈ ಊಹೆ ಸುಲಭವಾಗಿ ಮುರಿಯುತ್ತದೆ, ಏಕೆಂದರೆ ಮೊದಲ ತಿಂಗಳ ಅಪಾಯದ ಕಾರಣಗಳು ಬೇರೆ, ಗ್ರಾಫ್ಟ್ ಮುಚ್ಚಿಹೋಗುವ ನಂತರದ ವರ್ಷಗಳ ಕಾರಣಗಳು ಬೇರೆ. ರೂಬಿ ಪ್ರಯೋಗದ ಅಂಕಿಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಅದರ 30 ದಿನದ ಸಂಯುಕ್ತ ಫಲಿತಾಂಶ (ಸಾವು ಮತ್ತು ದೊಡ್ಡ ತೊಂದರೆಗಳನ್ನು ಒಟ್ಟಿಗೆ ಎಣಿಸಿದ್ದು) ಆಫ್-ಪಂಪ್‌ನಲ್ಲಿ ಶೇ. 7.0, ಆನ್-ಪಂಪ್‌ನಲ್ಲಿ ಶೇ. 5.6, ಪಿ ವ್ಯಾಲ್ಯೂ 0.19. ಆದರೆ 2017ರಲ್ಲಿ ಪ್ರಕಟವಾದ ಐದು ವರ್ಷಗಳ ಲೆಕ್ಕದಲ್ಲಿ ಸಾವು ಶೇ. 15.2 ಮತ್ತು ಶೇ. 11.9 ಆಗಿ, ವ್ಯತ್ಯಾಸ ಸ್ಪಷ್ಟವಾಯಿತು. ಮೂವತ್ತು ದಿನಕ್ಕೆ ಕಡತ ಮುಚ್ಚಿದ್ದರೆ ಆ ಸುದ್ದಿ ಸಿಗುತ್ತಿರಲಿಲ್ಲ. ಗೆರೆಗಳು ಒಂದನ್ನೊಂದು ದಾಟುತ್ತಿದ್ದರೆ ಒಂದೇ ಅನುಪಾತ ಕೊಡದೆ, ನಿಗದಿತ ಅವಧಿಯೊಳಗೆ ಪ್ರತಿ ಗುಂಪು ಸರಾಸರಿ ಎಷ್ಟು ತಿಂಗಳು ಬದುಕಿತು ಎಂಬುದನ್ನು ಕೊಡಿ. ರೋಗಿಯ ಮನೆಯವರಿಗೂ ಅದು ಅರ್ಥವಾಗುವ ಮಾತು.

ಗಡಿಯಾರ ಯಾವಾಗ ಶುರುವಾಗುತ್ತದೆ ಎಂಬುದರಲ್ಲಿಯೂ ಒಂದು ಬಲೆ ಇದೆ. ಹೃದಯ ಕಸಿಯ ಆರಂಭದ ದಿನಗಳಲ್ಲಿ, ಕಸಿಯಾದವರು ಕಸಿಯಾಗದವರಿಗಿಂತ ಹೆಚ್ಚು ಕಾಲ ಬದುಕಿದರೆಂಬ ಹೋಲಿಕೆಗಳು ಬಂದವು. ಕಸಿ ಸಿಗುವವರೆಗೆ ಬದುಕಿದ್ದವರಷ್ಟೇ ಕಸಿಯ ಗುಂಪಿಗೆ ಸೇರಲು ಸಾಧ್ಯ, ಕಾಯುತ್ತಲೇ ತೀರಿಕೊಂಡವರೆಲ್ಲ ಎದುರು ಗುಂಪಿಗೆ ಬೀಳುತ್ತಾರೆ ಎಂದು ಮಿಚೆಲ್ ಗೇಲ್ 1972ರಲ್ಲಿ ತೋರಿಸಿದರು. ನಿಮ್ಮ ಎರಡು ವಿಧಾನಗಳಲ್ಲಿ ಒಂದಕ್ಕೆ ಕಾಯುವ ಅವಧಿ ಹೆಚ್ಚಿದ್ದರೆ, ವಿಧಾನವನ್ನು ತೀರ್ಮಾನಿಸಿದ ದಿನದಿಂದಲೇ ಎಣಿಕೆ ಶುರುಮಾಡಿ.

ಎಂಟನೆಯ ಹಂತ: ನಿಮ್ಮ ಉತ್ತರವನ್ನು ದೊಡ್ಡ ಪ್ರಯೋಗಗಳ ಪಕ್ಕದಲ್ಲಿಡಿ

ಭಾರತದ ಆಸ್ಪತ್ರೆಗಳೂ ಸೇರಿ 19 ದೇಶಗಳ 79 ಕೇಂದ್ರಗಳಲ್ಲಿ 4,752 ರೋಗಿಗಳ ಮೇಲೆ ನಡೆದು 2012ರಲ್ಲಿ ಮೊದಲ ಫಲಿತಾಂಶ ಕೊಟ್ಟ ಕೊರೊನರಿ ಪ್ರಯೋಗದಲ್ಲಿ, 30 ದಿನದ ಸಂಯುಕ್ತ ಫಲಿತಾಂಶ ಆಫ್-ಪಂಪ್‌ನಲ್ಲಿ ಶೇ. 9.8, ಆನ್-ಪಂಪ್‌ನಲ್ಲಿ ಶೇ. 10.3, ಹಜಾರ್ಡ್ ಅನುಪಾತ 0.95, ವಿಶ್ವಾಸಾಂತರ 0.79ರಿಂದ 1.14. ಜರ್ಮನಿಯಲ್ಲಿ 75 ವರ್ಷ ಅಥವಾ ಅದಕ್ಕೂ ಹೆಚ್ಚಿನ ವಯಸ್ಸಿನ 2,539 ಹಿರಿಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ 30 ದಿನದ ಲೆಕ್ಕ ಶೇ. 7.8 ಮತ್ತು ಶೇ. 8.2, ಹೆಚ್ಚುಕಡಿಮೆ ಒಂದೇ. ರೂಬಿ ಮಾತ್ರ ಬೇರೆ ದಾರಿ ಹಿಡಿಯಿತು. ಕಾರಣ ಹುಡುಕುವಾಗ ಹಲವರು ಬೊಟ್ಟು ಮಾಡುವುದು ಕೈಯ ಅನುಭವದತ್ತ: ಕೊರೊನರಿಯಲ್ಲಿ ಭಾಗವಹಿಸಲು ಶಸ್ತ್ರಚಿಕಿತ್ಸಕರು ಆಯಾ ವಿಧಾನದಲ್ಲಿ ನೂರಕ್ಕಿಂತ ಹೆಚ್ಚು ಪ್ರಕರಣ ಮಾಡಿರಬೇಕಿತ್ತು, ರೂಬಿಯಲ್ಲಿ ಆಫ್-ಪಂಪ್‌ಗೆ ಇಪ್ಪತ್ತು ಪ್ರಕರಣಗಳ ಅನುಭವ ಸಾಕಿತ್ತು. ನಿಮ್ಮ ಆಸ್ಪತ್ರೆ ಇವೆರಡರಲ್ಲಿ ಯಾವುದಕ್ಕೆ ಹತ್ತಿರವೆಂಬುದನ್ನು ಚರ್ಚೆಯ ಅಧ್ಯಾಯದಲ್ಲಿ ನೇರವಾಗಿ ಬರೆಯಿರಿ.

ಒಂಬತ್ತನೆಯ ಹಂತ: ಬರೆಯುವುದು

ಲೆಕ್ಕಕ್ಕೆ ಆರ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಬದುಕುಳಿಯುವಿಕೆಯ ಲೆಕ್ಕಕ್ಕೆ ‘ಸರ್ವೈವಲ್’, ಜೋಡಿ ಮಾಡಲು ‘ಮ್ಯಾಚ್‌ಇಟ್’ ಪ್ಯಾಕೇಜುಗಳಿವೆ. ಎಸ್‌ಪಿಎಸ್‌ಎಸ್ ರೂಢಿಯಿದ್ದವರು ಅದರಲ್ಲೇ ಮಾಡಬಹುದು, ಆದರೆ ಒತ್ತಿದ ಪ್ರತಿ ಗುಂಡಿಯ ಸಿಂಟ್ಯಾಕ್ಸ್ ಉಳಿಸಿಕೊಳ್ಳಿ; ಆರು ತಿಂಗಳ ನಂತರ ಪರೀಕ್ಷಕರು ಕೇಳಿದಾಗ ಅದೇ ಅಂಕಿ ಮತ್ತೆ ಬರಬೇಕು. ಎಷ್ಟು ಕೇಸ್ ಶೀಟ್ ನೋಡಿದಿರಿ, ಎಷ್ಟನ್ನು ಯಾವ ಕಾರಣಕ್ಕೆ ಬಿಟ್ಟಿರಿ, ಎಷ್ಟು ಜನರ ವಿಧಾನ ನಡುವೆ ಬದಲಾಯಿತು, ಎಷ್ಟು ಜನರ ಸುದ್ದಿ ಸಿಗಲಿಲ್ಲ ಎಂಬ ನಾಲ್ಕು ಸಂಖ್ಯೆಗಳು ಒಂದು ಚಿತ್ರದಲ್ಲಿ ಬರಲಿ. ಫಲಿತಾಂಶದ ವಾಕ್ಯವನ್ನು ಹೀಗೆ ಬರೆಯಬಹುದು, ಖಾಲಿ ಜಾಗಗಳಿಗೆ ನಿಮ್ಮ ಅಂಕಿಗಳನ್ನು ತುಂಬಿಕೊಳ್ಳಿ: ‘ಮೂಲ ಉದ್ದೇಶದ ಗುಂಪಿನಂತೆ ವಿಶ್ಲೇಷಿಸಿದಾಗ, ಜೋಡಿಯಾದ … ಜೊತೆಗಳಲ್ಲಿ 30 ದಿನಗಳೊಳಗೆ ಮೂತ್ರಪಿಂಡದ ತೀವ್ರ ಹಾನಿ ಆಫ್-ಪಂಪ್ ಗುಂಪಿನ ಶೇ. … ಮತ್ತು ಆನ್-ಪಂಪ್ ಗುಂಪಿನ ಶೇ. … ರೋಗಿಗಳಲ್ಲಿ ಕಂಡುಬಂದಿತು. ವ್ಯತ್ಯಾಸ … ಅಂಶ, 95 ಪ್ರತಿಶತ ವಿಶ್ವಾಸಾಂತರ …ರಿಂದ …. … ರೋಗಿಗಳಿಗೆ ತಕ್ಕ ಜೋಡಿ ದೊರೆಯಲಿಲ್ಲ.’